ಲೈನ್ ಕೈಲಾಶನ ಎರಡು ಮಿನಿಟು

ಠಾಣಾ ಕುಶನೂರಿನಲ್ಲಿ ಕೈಲಾಶ ಎಂಬ ಹೆಸರಿನವರು ಐದಾರು ಜನ ಇದ್ದಾರೆ. ಆದರೆ ಲೈನ್ ಕೈಲಾಶ ಎಂದರೆ ಒಬ್ಬನೇ. ನಲವತ್ತೆರಡರ ಆಳು, ಸಣ್ಣ ಮೈ, ಮಾತು ಕಡಿಮೆ. ಲೈನ್‌ಮನ್ ಆಗಿ ಹತ್ತು ವರ್ಷವಾದರೂ ಕರೆಂಟನ್ನು ಒಂದು ದಿನವೂ ನಂಬಿದವನಲ್ಲ. ಮನೆಯ ಬಲ್ಬು ಬದಲಿಸಬೇಕಾದರೂ ಮೇನ್ ತೆಗೆದು, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಕುರ್ಚಿ ಹತ್ತುತ್ತಾನೆ. ಹೆಂಡತಿ ಮನಿಷಾ ಅದಕ್ಕೆ ನಗುತ್ತಾಳೆ. ತಾಯಿ ಶಾಲುಬಾಯಿ ನಗುವುದಿಲ್ಲ.

ಅವಳು ನಗದಿರುವುದಕ್ಕೆ ಕಾರಣವಿದೆ. ಅವಳ ಗಂಡ ಗೋರಖನಾಥನೂ ಲೈನ್‌ಮನ್ ಆಗಿದ್ದ, ಕಂಬದ ಮೇಲೆಯೇ ಸತ್ತ. ಆ ಕೆಲಸಕ್ಕೊಂದು ಕಟ್ಟಳೆ ಉಂಟು. ಕಂಬ ಹತ್ತುವವನು ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ತನ್ನ ಹೆಸರಿನಲ್ಲಿ ಲೈನ್ ಬಂದ್ ಮಾಡಿಸಬೇಕು. ಕೆಲಸ ಮುಗಿಸಿ ನೆಲಕ್ಕಿಳಿದ ಮೇಲೆ ಅವನೇ ಫೋನ್ ಮಾಡಿ ಲೈನ್ ವಾಪಸ್ ಕೊಡಬೇಕು. ಅವನ ಬದಲು ಅವನ ಹೆತ್ತಪ್ಪ ಬಂದು ಹೇಳಿದರೂ ಆಪರೇಟರ್ ಬಟನ್ ಮುಟ್ಟುವ ಹಾಗಿಲ್ಲ. ಗೋರಖನಾಥ ಡಾಬಕಾದ ಹತ್ತಿರ ಕಂಬದ ಮೇಲಿದ್ದಾಗ, ಹಿಟ್ಟಿನ ಗಿರಣಿಯವರು ಒಂದೇ ಸಮನೆ ಫೋನ್ ಮಾಡಿ ಕಾಡಿದರೆಂದು ಆಪರೇಟರ್ ಅವನನ್ನು ಕೇಳದೆಯೇ ಲೈನ್ ಹಾಕಿಬಿಟ್ಟ. ವಿಚಾರಣೆಯ ದಿನ ಸಬ್‌ಸ್ಟೇಷನ್ನಿನ ಅಂಗಳದಲ್ಲಿ ನಿಂತು ಆ ಆಪರೇಟರ್ ಹೇಳಿದ್ದು ಇಷ್ಟೇ. "ಕೆಲಸ ಮುಗದಿರಬೇಕು ಅನಕೊಂಡೆರಿ. ಎರಡ ಮಿನಿಟಿನ ಪ್ರಶ್ನಿ ಇತ್ತು." ಶಾಲುಬಾಯಿ ಆ ಮಾತನ್ನು ಮೂರು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡಳು. ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಆ ಮನೆಯಲ್ಲಿ ಅವನ ಹೆಸರು ಹೇಳುವುದಿಲ್ಲ, ಹೇಳಬೇಕಾಗಿ ಬಂದರೆ "ಅಂವ" ಎನ್ನುತ್ತಾರೆ. ಅಂವ ಸಾಯಲಿ ಎಂದು ಶಾಲುಬಾಯಿ ಹತ್ತು ವರ್ಷ ದಿನಕ್ಕೊಂದು ಸಲವಾದರೂ ಶಪಿಸಿದ್ದಾಳೆ. ಅಪ್ಪನ ನೌಕರಿ ಮಗನಿಗೆ ಸಿಕ್ಕಿತು. ಬೇಡ ಎನ್ನುವಷ್ಟು ಅನುಕೂಲ ಆ ಮನೆಯಲ್ಲಿ ಇರಲಿಲ್ಲ.

ಆ ಮನೆಯಲ್ಲಿ ಒಂದು ಮಶಿನ್ ಇದೆ, ಇನ್ನು ಅದರ ಕಥೆ. ಗೋರಖನಾಥ ಸಾಯುವ ನಾಲ್ಕು ತಿಂಗಳು ಮುಂಚೆ ಮಗಳು ಆಮ್ರಪಾಲಿಯ ಮದುವೆ ಮಾಡಿದ. ವಿಡಿಯೋ ತೆಗೆಯಲು ಬಂದ ಭಾಲ್ಕಿಯವನಿಗೆ ಹೊಸದರ ಹುಚ್ಚು. ಎಲ್ಲರಂತೆ ಡಿವಿಡಿ ಕೊಡದೆ ನೀಲಿ ಡಬ್ಬಿಯಲ್ಲಿ ಬ್ಲೂರೇ ಡಿಸ್ಕ್ ತಂದುಕೊಟ್ಟು, "ಮಾಮೂಲಿ ಮಶಿನ್‌ನಾಗ ಇದು ನಡಿಯಂಗಿಲ್ರಿ" ಎಂದ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಮಗಳ ಮದುವೆ ನೋಡಲು ಗೋರಖನಾಥ ಬೀದರಿಗೆ ಹೋಗಿ, ಆ ಡಿಸ್ಕ್ ಓದುವ ಬ್ಲೂರೇ ಪ್ಲೇಯರ್ ಕೊಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಅದಕ್ಕೆ ಇಂಟರ್ನೆಟ್ಟೂ ಹತ್ತುತ್ತದೆ, ಸಿನಿಮಾ ತಾನೇ ತರಿಸಿಕೊಳ್ಳುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅದಕ್ಕೆಂದೇ ರಿಮೋಟಿನಲ್ಲಿ ನಾಲ್ಕು ಬಣ್ಣದ ಗುಂಡಿಗಳಿದ್ದವು. ಕೈಲಾಶ ಆಗೊಮ್ಮೆ ಈಗೊಮ್ಮೆ ಮೊಬೈಲಿನ ನೆಟ್ ಕೊಟ್ಟು ಹಾಡು ನೋಡುತ್ತಿದ್ದ. ಬರಬರುತ್ತ ಒಂದೊಂದೇ ಗುಂಡಿ ಸತ್ತಿತು. ಒತ್ತಿದರೆ ಈ ಸೇವೆ ಇನ್ನು ಮುಂದೆ ಲಭ್ಯವಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬಂದು ಪರದೆ ಕಪ್ಪಾಗುತ್ತಿತ್ತು. ಆ ಮನೆಯಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದುದು ಡಿಸ್ಕಿನೊಳಗಿನ ಒಂದು ತುಣುಕು.

ಆ ತುಣುಕಿನಲ್ಲಿ ಬಿಳಿ ಅಂಗಿ ತೊಟ್ಟ ಗೋರಖನಾಥ ಮಂಟಪದ ಬದಿಗೆ ನಿಂತು, ಹೊರಟವರಿಗೆ ಕೈ ಅಡ್ಡ ಮಾಡಿ, "ಊಟ ಮಾಡಿ ಹೋಗ್ರಿ. ಯಾರೂ ಹಂಗs ಹೋಗಬ್ಯಾಡ್ರಿ" ಎನ್ನುತ್ತಾನೆ. ಅವನ ದನಿ ಲೋಕದಲ್ಲಿ ಉಳಿದಿರುವುದು ಅಷ್ಟೇ. ಪ್ರತಿ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ ದಿನದ ಪುಣ್ಯಾನುಮೋದನಕ್ಕೆ ಬೀದರಿನಿಂದ ಬೌದ್ಧ ಭಿಕ್ಷು ಭಂತೇಜಿ ಬರುತ್ತಾರೆ, ಬಳಗ ಸೇರುತ್ತದೆ, ಪಂಚಶೀಲದ ಪಠಣ ಆಗುತ್ತದೆ, ಎಲೆ ಹಾಕುತ್ತಾರೆ. ಆದರೆ ಗಂಡ ಟಿವಿಯೊಳಗಿನಿಂದ ಆ ಎರಡು ಮಾತು ಹೇಳುವವರೆಗೆ ಶಾಲುಬಾಯಿ ಯಾರಿಗೂ ತುತ್ತು ಎತ್ತಗೊಡುವುದಿಲ್ಲ. ಹತ್ತು ವರ್ಷದಲ್ಲಿ ಅದೇ ಮನೆಯ ಪದ್ಧತಿಯಾಗಿದೆ.

ಈ ವರ್ಷ ಆ ದಿನಕ್ಕೆ ಇನ್ನು ಆರು ದಿನವಿರುವಾಗ ಕೈಲಾಶ ಡಿಸ್ಕ್ ಹಾಕಿ ನೋಡಿದ. ಮಶಿನ್ ಅದನ್ನು ಒಳಗೆ ಎಳೆದುಕೊಂಡಿತು, ಗರಗರ ಎಂದಿತು, ಚಿತ್ರ ಮಾತ್ರ ಬರಲಿಲ್ಲ. ಬದಲಿಗೆ ಎರಡು ವರ್ಷದಿಂದ ಅವನು "ಬೇಡ" ಒತ್ತುತ್ತ ಬಂದಿದ್ದ ಆ ಹಳೆಯ ಪ್ರಶ್ನೆ ಬಂತು. ಹೊಸ ಸಾಫ್ಟ್‌ವೇರ್ ಬಂದಿದೆ, ಅಪ್‌ಡೇಟ್ ಮಾಡಬೇಕೇ? ಈ ಸಲ "ಬೇಡ" ಎಂಬ ಗುಂಡಿಯೇ ಇರಲಿಲ್ಲ. "ಆಮೇಲೆ" ಎಂಬುದೊಂದಿತ್ತು. ಅದನ್ನು ಒತ್ತಿದರೆ ಪರದೆ ಕಪ್ಪಾಗಿ, ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು. ಕೈಲಾಶ ನಾಲ್ಕೈದು ಸಲ ಒತ್ತಿ ನೋಡಿ ರಿಮೋಟ್ ಕೆಳಗಿಟ್ಟ.

ಟಿವಿಯಲ್ಲಿ ಬರುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಕಾಲ ಬಂತು ಎನ್ನುತ್ತಾರಲ್ಲ, ಹಾಗೆ. ಇವತ್ತು ಹಿಡಿದರಾಯಿತು, ನಾಳೆ ಹಿಡಿದರಾಯಿತು ಎಂದು ಹತ್ತು ವರ್ಷ ಕಳೆದಿದ್ದ. ಹೊಸದಾಗಿ ಮಾಡಿಸೋಣವೆಂದರೆ ವಿಡಿಯೋದವನು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಮರುದಿನ ಮಶಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಭಾಲ್ಕಿಗೆ ಹೋದ. ಅಲ್ಲಿ ಖಾಜಾ ಮಿಯಾ ಎಂಬ ಹಳೆಯ ರಿಪೇರಿಯವನಿದ್ದಾನೆ. ಅವನು ಮುಚ್ಚಳ ಬಿಚ್ಚಿ, ಊದಿ, ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ. ತನ್ನಲ್ಲಿದ್ದ ಬೇರೆ ಎರಡು ಪ್ಲೇಯರಿಗೆ ಹಾಕಿದ. ಎರಡೂ ಅದನ್ನು ಹೊರಗೆ ಉಗುಳಿದವು.

"ವಿಡಿಯೋದಾಂವ ಡಿಸ್ಕ್ ಬರಾಬರ್ ಬರ್ದಿಲ್ಲ, ಕೈಲಾಶ ಭಾಯಿ. ನಿಮ್ಮ ಮಶಿನ್ ಒಂದs ಅದನ್ನ ಓದ್ತದ" ಎಂದ. "ಮಶಿನ್‌ದು ಲೆನ್ಸ್ ಚಲೋ ಅದ. ಸಾಫ್ಟ್‌ವೇರ್ ನಡುವ ಸಿಕ್ಕೊಂಡದ. ಅಪ್‌ಡೇಟ್ ಮಾಡಬೇಕು, ಬ್ಯಾರೆ ದಾರಿ ಇಲ್ಲ. ಅರ್ಧ ತಾಸು ಹಿಡಿತದ. ನಡುವ ಕರೆಂಟ್ ಹೋತು ಅಂದ್ರ ಮಶಿನ್ ಸತ್ತಂಗ. ಮತ್ತ ಏಳಂಗಿಲ್ಲ."

"ಇಲ್ಲೇ ಮಾಡ್ರಿ ಮತ್ತ, ಖಾಜಾ ಭಾಯಿ."

"ನನ್ನ ಇನ್ವರ್ಟರ್ ಬ್ಯಾಟರಿ ಮುದುಕ ಆಗ್ಯದ. ಸತ್ರ ನಿಮ್ಮ ಮನ್ಯಾಗs ಸಾಯಲಿ, ನನ್ನ ಕೈಯಾಗ ಬ್ಯಾಡ." ಮುಚ್ಚಳ ಮತ್ತೆ ಕೂರಿಸುತ್ತ ಅವನೇ ಅಂದ. "ನಿಮಗ್ಯಾಕ ಫಿಕರ್? ಲೈನ್‌ಮನ್ ಇದ್ದೀರಿ. ಕರೆಂಟ್ ನಿಮ್ಮ ಕೈಯಾಗ ಅದ. ಮೊಬೈಲ್‌ದು ನೆಟ್ ಕೊಡ್ರಿ. ಫೋನ್ ಬಂದ್ರ ನೆಟ್ ಕಡೀತದ, ಅದಕ್ಕ ಬರೋ ಫೋನೆಲ್ಲ ಬಂದ್ ಇಡ್ರಿ."

ಖಾಜಾ ಮಿಯಾ ಹೇಳಿದ್ದು ಸಮಾಧಾನಕ್ಕೆ. ಆದರೆ ಕರೆಂಟ್ ನಿಮ್ಮ ಕೈಯಲ್ಲಿದೆ ಎಂಬ ಮಾತು ಕೈಲಾಶನ ಕಿವಿಯಲ್ಲಿ ಕುಶನೂರಿನ ತನಕ ಕೂತು ಬಂತು. ಲೈನ್ ಬಂದ್ ಮಾಡಿಸುವುದು ಅವನಿಗೆ ಗೊತ್ತು. ಬಂದ್ ಮಾಡದಂತೆ ಹಿಡಿಯುವುದನ್ನು ಈವರೆಗೆ ಮಾಡಿರಲಿಲ್ಲ.

ಪುಣ್ಯಾನುಮೋದನದ ಹಿಂದಿನ ದಿನ ಅವನಿಗೆ ರಜೆ. ಬೆಳಗಿನಿಂದ ಮೋಡ, ಗಾಳಿ. ಮಧ್ಯಾಹ್ನ ಮಳೆ ಬಂದರೆ ಕರೆಂಟ್ ಹೋಗುವುದು ಖಂಡಿತ ಎಂದು ಹನ್ನೊಂದಕ್ಕೇ ಶುರು ಮಾಡಬೇಕೆಂದುಕೊಂಡ. ಸಬ್‌ಸ್ಟೇಷನ್ನಿನ ಆಪರೇಟರ್ ಶಿವರಾಜಪ್ಪನಿಗೆ ಫೋನ್ ಹಚ್ಚಿದ. ಹಣೆ ತುಂಬ ವಿಭೂತಿ, ಆಡಿದ ಮಾತಿಗೆ ತಪ್ಪದ ಮನುಷ್ಯ.

"ಜೈಭೀಮ್ ಕಾಕಾ. ಒಂದ್ ಕೆಲಸ ಅದರಿ. ಹನ್ನೊಂದರಿಂದ ಹನ್ನೊಂದೂವರಿ ತನಕ ನಮ್ಮ ಲೈನ್ ಯಾರಿಗೂ ಬಂದ್ ಮಾಡಿ ಕೊಡಬ್ಯಾಡ್ರಿ. ನನ್ನ ಕೇಳದs ಮುಟ್ಟಬ್ಯಾಡ್ರಿ."

"ಶರಣು, ಕೈಲಾಶ. ಯಾಕಪಾ, ಏನ್ ನಡಸೀದಿ?"

"ಅಪ್ಪಂದು ಕೆಲಸರಿ."

ಅಪ್ಪನ ಹೆಸರು ಬಂದಿದ್ದಕ್ಕೆ ಶಿವರಾಜಪ್ಪ ಮತ್ತೇನೂ ಕೇಳಲಿಲ್ಲ. "ಆತು. ನಿನ್ನ ಕೇಳದs ನಾ ಕೈ ಹಚ್ಚಂಗಿಲ್ಲ" ಎಂದು ಮಾತು ಕೊಟ್ಟ.  ಕೈಲಾಶ ಬರುವ ಫೋನುಗಳನ್ನೆಲ್ಲ ಬಂದ್ ಇಟ್ಟು, ಮೊಬೈಲಿನ ನೆಟ್ ಜೋಡಿಸಿ, "ಸರಿ" ಒತ್ತಿದ.

ಪರದೆಯಲ್ಲಿ ಆರರಲ್ಲಿ ಒಂದು ಎಂದು ಬಂತು. ಕೆಳಗೆ ಕರೆಂಟ್ ತೆಗೆಯಬೇಡಿ ಎಂಬ ಕೆಂಪು ಸಾಲು. ಶಾಲುಬಾಯಿ ಗೋಡೆಗೆ ಒರಗಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ಅಕ್ಷರ ಕಾಣುತ್ತಿರಲಿಲ್ಲ. ಎಷ್ಟಕ್ಕೆ ಬಂತು ಎಂದು ಆಗಾಗ ಕೇಳುತ್ತಿದ್ದಳು. ಎರಡು ಬಂತು, ಮೂರು ಬಂತು. ಹೊರಗೆ ತಗಡು ಬಡಿಯುವ ಹಾಗೆ ಗಾಳಿ ಬೀಸಿತು. ಫ್ಯಾನ್ ಒಂದು ಸುತ್ತು ನಿಧಾನವಾಗಿ ಮತ್ತೆ ಸರಿಯಾಯಿತು. ಕೈಲಾಶನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನಾಲ್ಕಕ್ಕೆ ಬಂದು ಮಶಿನ್ ಬಹಳ ಹೊತ್ತು ನಿಂತಿತು. ಆಮೇಲೆ ಐದು ಎಂದಿತು.

ಆಗ ಅಂಗಳದಲ್ಲಿ ಮೋಟರ್‌ಸೈಕಲ್ ನಿಂತ ಸದ್ದಾಯಿತು. ಚಿಂತಾಕಿ ರಸ್ತೆಯಲ್ಲಿ ಹೊಲ ಇರುವ ಬಸವಕಿರಣ ಮೊಣಕಾಲ ತನಕ ಕೆಸರು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಕೈಲಾಶಣ್ಣ, ನಿಮ್ಮ ಫೋನ್ ಯಾಕ ಹತ್ತಲ್ದು? ಗಾಳಿಗಿ ಕಂಬದ ಮ್ಯಾಲ ವೈರ್ ಹಿಡಿಯೋ ಚೀನಿ ಗುಂಡಿ ಮುರದು ವೈರ್ ಸೋಯಾದಾಗ ಜೋತು ಬಿದ್ದದ. ಕಡದಿಲ್ಲ, ನೆಲಾನೂ ಮುಟ್ಟಿಲ್ಲ, ಸೊಂಟದ ಎತ್ತರಕ್ಕ ತೂಗ್ಲತದ. ಕಳೆ ತಗೀಲತಿದ್ದ ಹೆಣ್ಮಕ್ಕಳೆಲ್ಲ ಓಡಿ ಬಂದಾರ. ರುಕ್ಮಿಣಿಬಾಯಿ ಒಬ್ಬಾಕಿ ಸಿಕ್ಕೊಂಡಾಳ. ಮೊಣಕಾಲ ನೋವು, ಏಳಲಾಕ ಬರಲ್ದು. ಹಿಂದ ಹಳ್ಳ, ಮುಂದ ವೈರು. ಸ್ಟೇಷನ್‌ಗಿ ಫೋನ್ ಮಾಡಿದ್ರ, ಆಕಿ ಅಲ್ಲಾಡದs ಕುಂದರಲಿ, ಕೈಲಾಶನ ಕೇಳದs ಬಂದ್ ಮಾಡಂಗಿಲ್ಲ ಅಂತಾರ."

ಕೈಲಾಶ ಪರದೆ ನೋಡಿದ. ಐದು. ಕೈಯಲ್ಲಿ ಮೊಬೈಲ್ ಇತ್ತು. ಫೋನ್ ಮಾಡಿದರೆ ನೆಟ್ ಹೋಗುತ್ತದೆ, ಲೈನ್ ತೆಗೆದರೆ ಕರೆಂಟ್ ಹೋಗುತ್ತದೆ, ಹೇಗೆ ನೋಡಿದರೂ ಅಪ್ಪ ಹೋಗುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅವನ ಮನಸ್ಸು ತಡಕಾಡಿತು. ಅವಳು ಕುಳಿತೇ ಇದ್ದಾಳಲ್ಲ, ವೈರ್ ಮುಟ್ಟಿಲ್ಲವಲ್ಲ ಎಂದುಕೊಂಡ. ಆಮೇಲೆ ಅವನ ಬಾಯಿಂದ ಮಾತು ಬಂತು.

"ಎರಡ ಮಿನಿಟ್ ನಿಂದ್ರು."

ಗೋಡೆಯ ಬಳಿ ಬೇಳೆಯ ಸದ್ದು ನಿಂತಿತು. ಬಸವಕಿರಣ ತಿಳಿಯದೆ ಅವನ ಮುಖ ನೋಡಿದ. ಕೈಲಾಶ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಶಾಲುಬಾಯಿ ಬೇಳೆಯ ಮೊರವನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಮಂಜುಗಣ್ಣಿನಲ್ಲೇ ಟಿವಿಯ ಹಿಂದೆ ಕೈ ಆಡಿಸಿ ಮಶಿನ್ನಿನ ವೈರ್ ಹುಡುಕಿದಳು. ಹುಡುಕಿ, ಪ್ಲಗ್ಗನ್ನು ಕಿತ್ತಳು. ಐದು ಮಾಯವಾಯಿತು.

"ಈಗ ಫೋನ್ ಮಾಡು" ಎಂದಳು.

ಅವನು ಮಾಡಿದ. "ಕಾಕಾ, ಬಂದ್ ಮಾಡ್ರಿ. ಕೈಲಾಶ ಹೇಳ್ಲತೀನಿ." ಮಾತು ಮುಗಿಯುವ ಮೊದಲೇ ಫ್ಯಾನ್ ನಿಂತಿತು.

ಹೊಲಕ್ಕೆ ಹೋದಾಗ ರುಕ್ಮಿಣಿಬಾಯಿ ಸೋಯಾ ಗಿಡಗಳ ನಡುವೆ ತಲೆ ಬಗ್ಗಿಸಿ, ಸೆರಗನ್ನು ಎರಡೂ ಕೈಯಲ್ಲಿ ಮುದುಡಿ ಹಿಡಿದು, ಕಲ್ಲಿನ ಹಾಗೆ ಕುಳಿತಿದ್ದಳು. ಲೈನ್ ಸತ್ತಿದೆ ಎಂದು ಹೇಳಿದರೂ ಏಳಲಿಲ್ಲ. ಕೈಲಾಶನೇ ತೋಳು ಹಿಡಿದು ಎಬ್ಬಿಸಿದ. "ಗಾಳಿ ಬಂದಾಗ ಅದು ನನ್ನ ನೆತ್ತಿ ತನ ಬಂದು ಹೋಗ್ಲತಿತ್ತಪ್ಪ" ಎಂದಳು. "ಕೂದಲ ನೆಟ್ಟಗ ನಿಂದರ್ಲತಿದ್ವು." ಅವಳ ಮೈಯ ನಡುಕ ಅವನ ಕೈಗೆ ಹತ್ತಿತು, ಬಹಳ ಹೊತ್ತು ಬಿಡಲಿಲ್ಲ.

ಸಂಜೆ ಸಬ್‌ಸ್ಟೇಷನ್ನಿಗೆ ಹೋದ. ಶಿವರಾಜಪ್ಪ ರಿಜಿಸ್ಟರ್ ತೆರೆದು ಅವನ ಮುಂದಿಟ್ಟ. ಬಸವಕಿರಣನ ಮೊದಲ ಫೋನು ಹನ್ನೊಂದು ಹನ್ನೆರಡಕ್ಕೆ. ಆಮೇಲೆ ಸಬ್‌ಸ್ಟೇಷನ್ನಿನಿಂದ ಕೈಲಾಶನಿಗೆ ಮಾಡಿದ ನಾಲ್ಕು ಫೋನು, ನಾಲ್ಕೂ ಬಂದ್. ಲೈನ್ ತೆಗೆದದ್ದು ಹನ್ನೊಂದು ಮೂವತ್ತೊಂದಕ್ಕೆ. "ಕೊಟ್ಟ ಮಾತಂತ ಕುಂತೆ" ಎಂದ ಶಿವರಾಜಪ್ಪ. "ಇನ್ನ ಮ್ಯಾಲ ನನಗ ಇಂಥಾ ಮಾತು ಕೇಳಬ್ಯಾಡ, ಕೈಲಾಶ." ಕೈಲಾಶ ರಿಜಿಸ್ಟರ್ ಮುಚ್ಚಿ ಅವನ ಕಡೆ ಸರಿಸಿದ.

ಮಶಿನ್ ಏಳಲಿಲ್ಲ. ಪ್ಲಗ್ ಹಾಕಿದರೆ ಅದರ ಮುಂದಿನ ಕೆಂಪು ದೀಪ ಮಿನುಗುತ್ತಿತ್ತು, ಅಷ್ಟೇ. ಡಿಸ್ಕ್ ಒಳಗೇ ಉಳಿಯಿತು.

ಮರುದಿನ ಬಳಗ ಬಂತು. ಆಮ್ರಪಾಲಿ ಔರಾದಿನಿಂದ ಗಂಡನ ಜೊತೆ ಬಂದಳು. ಕರೆಯದಿದ್ದರೂ ರುಕ್ಮಿಣಿಬಾಯಿ ಬಂದಳು, ಕುಂಟುತ್ತ ಬಂದು ಬಾಗಿಲ ಬಳಿ ಕುಳಿತಳು. ಭಂತೇಜಿಯ ಪಠಣ ಮುಗಿದು ಎಲೆಯ ಮೇಲೆ ಖೀರು, ಪೂರಿ ಬಂದವು. ಯಾರೂ ಕೈ ಹಾಕಲಿಲ್ಲ. ಎಲ್ಲರೂ ಅಭ್ಯಾಸದಂತೆ ಟಿವಿಯ ಕಡೆ ನೋಡಿ, ಆಮೇಲೆ ಶಾಲುಬಾಯಿಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಕೊನೆಗೆ ಕೈಲಾಶ ಎದ್ದು ನಿಂತು, "ಊಟ ಮಾಡಿ ಹೋಗ್ರಿ" ಎಂದ. ಅಪ್ಪನ ಎರಡನೆಯ ಮಾತು ಹೇಳದೆ ಖೀರಿನ ಪಾತ್ರೆ ಎತ್ತಿಕೊಂಡ. ದನಿ ಥೇಟ್ ಗೋರಖನಾಥನದೇ ಎಂದು ಯಾರೋ ಅಂದರು. ಜನ ಉಂಡರು. ಅಪ್ಪನ ದನಿಗಿಂತ ಜೀವ ದೊಡ್ಡದು, ತಾಯಿ ಮಗ ಜೀವ ಉಳಿಸಿದರು ಎಂದು ಹೊಗಳಿದರು. ಪ್ರತಿ ಹೊಗಳಿಕೆಗೂ ಕೈಲಾಶ ಇನ್ನಷ್ಟು ಕುಗ್ಗಿದ.

ಎಲ್ಲರೂ ಹೋದ ಮೇಲೆ ಅವನು ತಾಯಿಯ ಎಲೆ ಹಾಕಿದ. ಅವಳು ಕುಳಿತು ಎಲೆಯನ್ನು ಸ್ವಲ್ಪ ಆಚೆ ಸರಿಸಿದಳು.

"ಒಂದ್ ಮಾತು ಖರೆ ಹೇಳು" ಎಂದಳು ಆಮೇಲೆ. "ನಾ ಪ್ಲಗ್ ತಗೀದಿದ್ರ ನೀ ಏನ್ ಮಾಡಾಂವ ಇದ್ದಿ?"

ಕೈಲಾಶನಿಗೆ ಸುಳ್ಳು ಹೇಳಬೇಕೆನಿಸಿತು. ನಾಲಿಗೆಯ ತುದಿಗೂ ಬಂತು. ಆದರೆ ಕೈಯಲ್ಲಿ ರುಕ್ಮಿಣಿಬಾಯಿಯ ನಡುಕ ಇನ್ನೂ ಇತ್ತು.

"ನಿಂದರತಿದ್ದೆ, ಅವ್ವ. ಆರು ಬರೂ ತನ ನಿಂದರತಿದ್ದೆ."

ಶಾಲುಬಾಯಿ ಮಗನ ಮುಖವಿದ್ದ ದಿಕ್ಕಿಗೆ ನೋಡಿದಳು. ಅಂವನನ್ನು ಶಪಿಸಿದ ಹಾಗೆ ತನ್ನನ್ನೂ ಶಪಿಸುತ್ತಾಳೆ ಎಂದುಕೊಂಡ. ಶಪಿಸಿದ್ದರೆ ಒಳ್ಳೆಯದಿತ್ತು.

"ಹಂಗಾದ್ರ ಅಂವನೂ ಕೆಟ್ಟ ಮನಷಾ ಇರ್ಲಿಕ್ಕಿಲ್ಲ ಬಿಡು" ಎಂದು ಹೇಳಿ, ಎಲೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದಳು.