ಸೋಮವಾರದ ಎಡೆಕುಂಟೆ

ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಊರು ಶಿರಾಳಕೊಪ್ಪದ ಹತ್ತಿರ. ನಾನು ಸೊರಬದ ಕಡೆಯ ಭತ್ತದ ಸೀಮೆಯವಳು; ಹತ್ತಿ ಗಿಡ ಕಂಡದ್ದೇ ಗಂಡನ ಮನೆಗೆ ಬಂದ ಮೇಲೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮೂರೇ ಜನ.

ಆ ವರ್ಷ ಹತ್ತಿ ಮೊಣಕಾಲುದ್ದ ಬರುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಹೊಲಕ್ಕೆ ಕಾಲಿಡುವಂತಿರಲಿಲ್ಲ. ಸಾಲುಗಳ ನಡುವೆ ಕರಿಕೆ, ಜೇಕು ತುಂಬಿ, ದೂರದಿಂದ ನೋಡಿದವರಿಗೆ ನಾವು ಹುಲ್ಲನ್ನೇ ಬಿತ್ತಿದ್ದೇವೆ ಅನ್ನಿಸುವಂತಾಗಿತ್ತು. ಮನೆಯಲ್ಲಿ ಸರ್ಕಾರಿ ಗೊಬ್ಬರದ ಚೀಲವಿತ್ತು. ಕಳೆ ತೆಗೆಯದೆ ಹಾಕಬೇಡಿ, ಹಾಕಿದರೆ ಕಳೆಯೇ ಅದನ್ನು ತಿಂದು ಕೊಬ್ಬುತ್ತದೆ, ಮೊಗ್ಗು ಕಟ್ಟುವಾಗ ನೆಲ ಹಸಿ ಇದ್ದರೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ ಎಂದು ಗ್ರಾಮಸೇವಕರು ಹೇಳಿಹೋಗಿದ್ದರು. ಗಿಡದ ತುದಿಯಲ್ಲಿ ಆಗಲೇ ಮೊಗ್ಗು ಇಣುಕುತ್ತಿತ್ತು.

ಮಳೆ ಬಿಟ್ಟದ್ದು ಶನಿವಾರ. ಭಾನುವಾರ ಬಿಸಿಲು ಬಿದ್ದು ನೆಲ ಹದಕ್ಕೆ ಬರುವಂತಾಯಿತು. ಸೋಮವಾರ ಬೆಳಿಗ್ಗೆ ಪಡುವಣದಲ್ಲಿ ಮತ್ತೆ ಮೋಡ. ಗಂಡ ಜಗುಲಿಯ ಮೇಲೆ ಕೂತು ಎಡೆಕುಂಟೆಯನ್ನೇ ನೋಡುತ್ತಿದ್ದರು. ಸಾಲಿನ ನಡುವೆ ಎಳೆದರೆ ಕಳೆಯ ಬೇರು ಕೊಯ್ಯುವ ಸಣ್ಣ ಕುಂಟೆ ಅದು. ನಾಳೆ ನೋಡೋಣ ಎಂದರು. ನಾಳೆ ಮಳೆ ಬರುತ್ತದೆಂದು ಅವರಿಗೂ ಗೊತ್ತಿತ್ತು.

“ಎತ್ತು ಕಟ್ಟಬಾರ್ದು ಅಂತ ಐತೆ. ನಾವು ಎಳೀಬಾರ್ದು ಅಂತ ಇಲ್ವಲ್ಲ” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಅತ್ತೆ ಒಳಗಿಂದ ಹಗ್ಗ ತಂದು ನಮ್ಮ ಮುಂದೆ ಹಾಕಿದರು.

ಹೆಗಲಿಗೆ ಕಂಬಳಿ ಮಡಚಿಟ್ಟುಕೊಂಡು ನಾವಿಬ್ಬರೂ ಎಳೆದೆವು, ಅತ್ತೆ ಹಿಂದೆ ಕುಂಟೆಯ ಹಿಡಿ, ಮೇಣಿ ಹಿಡಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ನನ್ನ ಉಸಿರು ನಿಂತಂತಾಯಿತು. ಹಿಂದೆ ತಿರುಗಿದರೆ ಕಪ್ಪು ಮಣ್ಣಿನ ಮೇಲೆ ಕಳೆ ಬೇರು ಮೇಲಾಗಿ ಬಿದ್ದಿತ್ತು. ಎಳೆದಷ್ಟು ಸಾಲಿಗೆ ಆಗಾಗ ನಿಂತು ಗೊಬ್ಬರ ಹಾಕಿ ಮಣ್ಣು ಮುಚ್ಚುತ್ತಿದ್ದೆವು.

ಹೊತ್ತೇರುವಾಗ ಊರ ಗೌಡರು ನಾಲ್ಕು ಜನರೊಂದಿಗೆ ಬದುವಿನ ಮೇಲೆ ಬಂದು ನಿಂತರು. ಸೋಮವಾರ ಬಸವಣ್ಣನ ದಿನ, ಇದು ಊರ ಕಟ್ಟಳೆ ಎಂದರು. ಅತ್ತೆ ಮೇಣಿ ಬಿಡಲಿಲ್ಲ.

“ಬಸವಣ್ಣ ಕೊಟ್ಟಿಗ್ಯಾಗ ಮಲಗ್ಯಾನೆ ಗೌಡ್ರೆ, ಹೋಗಿ ನೋಡ್ರಿ. ಅವನಿಗೆ ರಜ ಕೊಟ್ಟೀವಿ. ನಮಗೆ ರಜ ಕೊಡೋರು ಯಾರು?”

ಸಂಜೆ ಗುಡಿಯ ಮುಂದೆ ಬಂದು ತಪ್ಪೊಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಊರಿನ ಯಾರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿ ಗೌಡರು ಹೊರಟರು. ಗಂಡನ ಕೈಯಲ್ಲಿ ಹಗ್ಗ ಸಡಿಲಾಯಿತು. ಒಂದು ಮಾತು ತಪ್ಪಾಯಿತು ಅಂದರೆ ಮುಗಿಯುತ್ತದಲ್ಲ ಎಂದರು.

“ಏನು ತಪ್ಪಾತು ಅಂತ ಹೇಳ್ತೀರಿ? ಕಳೆ ಕಿತ್ತಿದ್ದಾ?” ಎಂದೆ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಹಗ್ಗವನ್ನು ಒಬ್ಬಳೇ ಎಳೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಅವರೂ ಬಂದು ಹೆಗಲು ಕೊಟ್ಟರು.

ಹೊಲದ ಕೆಳಗಿನ ತುಂಡು ಉಳಿದಿರುವಾಗಲೇ ಮಳೆ ಬಂತು. ಗುಡಿಗೆ ನಾವು ಹೋಗಲಿಲ್ಲ. ಆ ತುಂಡನ್ನು ಕೊನೆಗೂ ಕಳೆಯೇ ನುಂಗಿತು. ಮೇಲಿನ ಹೊಲದಲ್ಲಿ ಮಾತ್ರ ಕಾಯಿ ಚೆನ್ನಾಗಿ ಕಟ್ಟಿತು.

ಹತ್ತಿ ಬಿಡಿಸುವ ಕಾಲಕ್ಕೆ ಆಳು ಯಾರೂ ಬರಲಿಲ್ಲ. ಒಡೆದ ಹತ್ತಿ ಗಿಡದಲ್ಲೇ ಜೋತುಬಿದ್ದು ಮಣ್ಣಾಗುತ್ತಿತ್ತು. ಒಂದು ದಿನ ಗೌಡರ ಮನೆಯ ಆಳು ಬಂದು, ಈಗಲಾದರೂ ಒಂದು ಮಾತು ಹೇಳಿದರೆ ನಾಳೆಯೇ ಹೆಣ್ಣಾಳು ಬರುತ್ತಾರೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಗಂಡ ಎದ್ದು ನಿಂತರು.

“ನಮ್ಮ ಹತ್ತಿ ನಾವೇ ಬಿಡಿಸ್ಕೊಂತೀವಿ ಅಂತ ಹೇಳಪ್ಪ” ಎಂದರು.

ಮಾರನೆಯ ಬೆಳಿಗ್ಗೆ ನಾನು, ಅತ್ತೆ ಏಳುವ ಮೊದಲೇ ಗಂಡ ಹೊಲದಲ್ಲಿದ್ದರು. ಮೂವರೇ ಬಿಡಿಸಿ ಮುಗಿಸಿದೆವು. ಅದನ್ನು ಊರೆಲ್ಲ ನೋಡಿತ್ತು; ಮುಂದಿನ ಬಿತ್ತನೆಗೆ ನಾವು ಕರೆಯದೆಯೇ ಜನ ಕೆಲಸಕ್ಕೆ ಬಂದರು. ತಪ್ಪಾಯಿತು ಅನ್ನಿ ಎಂದು ಆಮೇಲೆ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾವು ಅನ್ನುತ್ತಿರಲಿಲ್ಲ.