ಪಟ್ಟೆ ಮೀನು ವಾಪಸ್ ಕೊಡಲು ಹೊರಟ ಬೀರೇಶ್

ಬೀರೇಶನಿಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಅವನ ಅಪ್ಪ ರಂಗಪ್ಪ ಕುರಿ ಹಿಂದೆ ಊರೂರು ನಡೆದವನು. ಮಗ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ದಿನವೂ ಓಡಾಡಿಕೊಂಡಿದ್ದ. ಕೂತು ಮಾಡುವ ಕೆಲಸವೇ ಆದರೂ ಎರಡೂ ಕಡೆ ಊರು, ತೋಟ, ಹೊಲ ಹಿಂದಕ್ಕೆ ಸರಿಯುತ್ತಿರಬೇಕು. ಆಗಲೇ ಅವನಿಗೆ ನೆಮ್ಮದಿ.

ಒಂದು ಬೆಳಿಗ್ಗೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ, ಗಾಡಿ ಇನ್ನೇನು ಹೊರಡಬೇಕು ಅನ್ನುವಾಗ, ಅವನಿಗೆ ಫಿಟ್ಸ್ ಬಂತು. ಎದೆ ಹಾರ್ನಿನ ಮೇಲೆ ಬಿದ್ದು ಇಡೀ ನಿಲ್ದಾಣ ತಿರುಗಿ ನೋಡಿತು. ಕಂಡಕ್ಟರ್ ಓಡಿ ಬಂದು ಎಂಜಿನ್ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಡಾಕ್ಟರು ಸ್ಕ್ಯಾನಿಂಗ್ ನೋಡಿ, ಮಾತ್ರೆ ಬರೆದುಕೊಟ್ಟು, ಬಸ್ಸಿರಲಿ, ಬೈಕ್ ಕೂಡ ಮುಟ್ಟಬಾರದು ಎಂದರು. ಮತ್ತೆ ಯಾವಾಗ ಓಡಿಸಬಹುದು ಎಂದು ಕೇಳಿದರೆ, ನೋಡೋಣ ಎಂದಷ್ಟೇ ಹೇಳಿದರು. ಡಿಪೋದವರು ನಿಲ್ದಾಣದಲ್ಲಿ ಕಂಟ್ರೋಲರ್ ಕೆಲಸ ಕೊಡಲು ಬಂದರು. ಯಾವ ಬಸ್ ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಕೂಗುವ ಕೆಲಸ. ಬೀರೇಶ್ ಒಪ್ಪದೆ ರಜೆ ಹಾಕಿ ಮನೆಯಲ್ಲಿ ಉಳಿದ.

ಹೆಂಡತಿ ರೋಜಾ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಇವನು ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ. ರಸ್ತೆಯಲ್ಲಿ ಬಸ್ಸಿನ ಸದ್ದಾದರೆ ಗೇರ್ ಹಾಕಿದ ರೀತಿಯಲ್ಲೇ ಯಾವ ಡ್ರೈವರ್ ಎಂದು ಹೇಳಿಬಿಡುತ್ತಿದ್ದ. ನಿಲ್ದಾಣದ ಕಡೆ ಮಾತ್ರ ತಲೆ ಹಾಕುತ್ತಿರಲಿಲ್ಲ. ಬಿದ್ದವನನ್ನು ನೋಡುವ ಹಾಗೆ ಎಲ್ಲರೂ ನೋಡುತ್ತಾರೆಂದು ಅವನಿಗೆ ಅಂಜಿಕೆ.

ಮಗಳು ಚೈತ್ರಾ ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಅಪ್ಪನಿಗೆ ನೋಡುತ್ತಾ ಕೂರಲು ಏನಾದರೂ ಬೇಕು ಎಂದು ಸಣ್ಣದೊಂದು ಗಾಜಿನ ತೊಟ್ಟಿ ಕೊಂಡಳು. ಮೀನಿನ ಅಂಗಡಿಯಿಂದಲೇ ಫೋನ್ ಮಾಡಿದಳು.

"ಅಪ್ಪ, ಯಾವ ಮೀನು ತರ್ಲಿ?"

"ಜೋರಾಗಿ ಓಡಾಡವು ತಗಂಡ್ ಬಾ. ನಿಂತಲ್ಲೇ ನಿಲ್ಲವು ಬ್ಯಾಡ."

"ಎಲ್ಲಾ ಜಾತಿ ಒಟ್ಟಿಗೆ ಬಿಡಬಾರ್ದು ಅಂತಾರೆ ಅಂಗಡಿಯೋರು. ಮೊದ್ಲು ನೀರು ತುಂಬಿ ಒಂದಷ್ಟು ವಾರ ಹಂಗೇ ಬಿಡ್ಬೇಕಂತೆ."

"ನೀರು ನೀರೇ. ಎಲ್ಲಾದ್ರಾಗೂ ಒಂದಿಷ್ಟು ಹಾಕಿಸ್ಕಂಡ್ ಬಾ."

ಅವಳು ಹಾಗೆಯೇ ತಂದಳು. ಹುಲಿಯಂಥ ಪಟ್ಟೆಯ ಟೈಗರ್ ಬಾರ್ಬ್, ಉದ್ದ ರೆಕ್ಕೆಯ ಏಂಜಲ್, ಬಾಲ ಬೀಸುವ ಗಂಡು ಗಪ್ಪಿ, ಸೂಜಿಯಷ್ಟು ಸಣ್ಣ ನಿಯಾನ್ ಟೆಟ್ರಾ. ಅವತ್ತು ಬೀರೇಶ್ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಅಲ್ಲೇ ಮುದ್ದೆ ಉಂಡ. ರೋಜಾ ಮಿಷನ್ ನಿಲ್ಲಿಸಿ ಅವನನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವನು ಕೂತಿದ್ದ.

ಆ ಸುಖ ಹೆಚ್ಚು ಉಳಿಯಲಿಲ್ಲ. ಪಟ್ಟೆ ಮೀನುಗಳು ಏಂಜಲ್ ಹಿಂದೆ ಬಿದ್ದವು. ಅದು ಎಲ್ಲಿಗೆ ಹೋದರೂ ಬೆನ್ನಟ್ಟಿ, ಜೋತಾಡುವ ರೆಕ್ಕೆಯ ತುದಿ ಕಚ್ಚುತ್ತಿದ್ದವು. ಅದು ಬಿಟ್ಟರೆ ಗಪ್ಪಿಗಳ ಬಾಲ. ಪೆಟ್ಟು ತಿಂದ ಏಂಜಲ್ಲೇ ಒಂದು ಮಧ್ಯಾಹ್ನ ಅವನ ಕಣ್ಣೆದುರೇ ನಿಯಾನ್ ಒಂದನ್ನು ನುಂಗಿತು. ನೀರು ಗಂಜಿಯ ಹಾಗೆ ಮಸುಕಾಯಿತು. ಬೀರೇಶ್ ಅಷ್ಟೂ ನೀರು ಚೆಲ್ಲಿ ಬೋರಿನ ನೀರು ತುಂಬಿದ. ಮಾರನೆಯ ದಿನ ಉಳಿದ ನಿಯಾನ್‌ಗಳು ಮೇಲೆ ತೇಲುತ್ತಿದ್ದವು.

ಅಲ್ಲಿಂದ ಅವನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಗಾಜು ಬಡಿದು ಪಟ್ಟೆ ಮೀನುಗಳನ್ನು ಗದರಿದ. ಕಲ್ಲು ಸರಿಸಿದ. ಏಂಜಲ್ ಹಿಡಿದು ಸಾರಿನ ಪಾತ್ರೆಗೆ ಹಾಕಿದ, ಅದು ಅಲ್ಲಿ ಒಂದೇ ಮಗ್ಗುಲಾದಾಗ ಮತ್ತೆ ತೊಟ್ಟಿಗೆ ಬಿಟ್ಟ.

"ಆ ಪಟ್ಟೆವು ವಾಪಸ್ ಕೊಟ್ಟು ಬರ್ರಿ," ಎಂದಳು ರೋಜಾ.

"ಚೈತ್ರಾ ಬಂದಾಗ ಕಳ್ಸಾಣ."

"ಅವ್ಳು ಬರೋ ಹೊತ್ತಿಗೆ ಆ ಬಡಪಾಯಿ ಮೈಮೇಲೆ ರೆಕ್ಕೆ ಉಳಿಯಲ್ಲ. ಬಸ್ಸಿಗೆ ಹೋಗ್ರಿ. ನಿಮ್ಮನ್ನ ಯಾರೂ ತಿನ್ನಲ್ಲ."

ಅವನು ಸಂಜೆಯವರೆಗೂ ತಿರುಗಾಡಿದ. ಮರುದಿನ ಪಟ್ಟೆ ಮೀನು ನೀರು ತುಂಬಿದ ಒಂದು ಪ್ಲಾಸ್ಟಿಕ್ ಚೀಲಕ್ಕೆ, ನಿಯಾನ್ ನುಂಗಿದ್ದ ಏಂಜಲ್ಲೂ ಬೇಡವೆಂದು ಅದನ್ನು ಇನ್ನೊಂದಕ್ಕೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು ನಿಲ್ದಾಣಕ್ಕೆ ನಡೆದ. ಬಸ್ಸಿನಲ್ಲಿ ಡ್ರೈವರ್ ಸೀಟಿನಲ್ಲಿದ್ದವನು ತಿಮ್ಮೇಶ್, ಇವನ ಕೈಕೆಳಗೆ ದಾರಿ ಕಲಿತ ಹುಡುಗ.

"ಮುಂದ್ಕೆ ಬರ್ರಿ ಅಣ್ಣ, ಕುಂತ್ಕಳ್ರಿ," ಎಂದು ಎಡಗಡೆಯ ಮೊದಲ ಸೀಟು ತೋರಿಸಿದ. ಗಾಡಿ ಊರು ದಾಟಿದ ಮೇಲೆ ಕೇಳಿದ: "ಆಮೇಲೆ ಮತ್ತೆ ಬಂತಾ, ಫಿಟ್ಸು?"

"ಇಲ್ಲ. ಮಾತ್ರೆ ತಗಂತಿದ್ದೀನಿ."

ಅಷ್ಟೇ. ಇಷ್ಟು ದಿನ ಹೆದರಿದ್ದ ಪ್ರಶ್ನೆ ಒಂದು ತಿರುವಿನೊಳಗೆ ಮುಗಿದುಹೋಗಿತ್ತು. ಆದರೂ ಬೀರೇಶನ ಬಲಗಾಲು ಸುಮ್ಮನಿರಲಿಲ್ಲ. ಎದುರು ಟ್ರ್ಯಾಕ್ಟರ್ ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹೊಳಲ್ಕೆರೆಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ಚೀಲದೊಳಗೆ ಇಣುಕಿದಳು.

"ಸಾರಿಗೇನಪ್ಪ?"

"ಸಾಕೋ ಮೀನಜ್ಜಿ."

"ಇಷ್ಟೇ ಇಷ್ಟು ಅವೆ. ಸಾಕಿ ಏನ್ ಮಾಡ್ತೀಯ?"

ಅವನಿಗೆ ನಗು ಬಂತು.

ಚಿತ್ರದುರ್ಗದ ಮೀನಿನ ಅಂಗಡಿಯ ಜಯಕುಮಾರ್ ಹಂಗಿಸಲಿಲ್ಲ. ಮೀನು ಹೊಸ ನೀರಿಗೆ ಒಗ್ಗಲೆಂದು ಚೀಲ ಬಿಚ್ಚದೆ ತನ್ನ ತೊಟ್ಟಿಯಲ್ಲಿ ತೇಲಿಬಿಟ್ಟು, "ನಿಮ್ ಮನೆ ನೀರು ಎಂಥದ್ದು?" ಎಂದು ಕೇಳಿದ.

"ಬೋರಿಂದು. ನಲ್ಲಿ ಬಾಯಾಗೆ ಬೆಳ್ಳಗೆ ಕಟ್ಕಂತೈತೆ."

"ಹಂಗಾದ್ರೆ ಗಡುಸು ನೀರು. ಅದ್ರಾಗೆ ನಿಯಾನ್ ಕಷ್ಟ, ಗಪ್ಪಿ, ಪ್ಲಾಟಿ ಅಂಥ ಮೀನು ಚೆನ್ನಾಗಿರ್ತಾವೆ. ಒಂದರ ಬಾಯಿಗೆ ಇನ್ನೊಂದು ಹಿಡಿಯಬಾರ್ದು, ಒಂದರ ಜೋರಿಗೆ ಇನ್ನೊಂದು ಹೆದರಬಾರ್ದು. ಅಷ್ಟು ನೋಡ್ಕಂಡ್ರೆ ಸಾಕು."

ಏಂಜಲ್ಲನ್ನು ಬೇರೆ ತೊಟ್ಟಿಗೆ ಬಿಟ್ಟ. ಅಂಗಡಿಯ ಹಿಂದುಗಡೆಯ ಉದ್ದ ತೊಟ್ಟಿಯಲ್ಲಿ ಪಟ್ಟೆ ಮೀನುಗಳದೇ ದೊಡ್ಡ ಹಿಂಡಿತ್ತು. ಇವನವೂ ಅದರೊಳಗೆ ಸೇರಿ, ಒಂದನ್ನೊಂದು ಅಟ್ಟಿಸಿಕೊಂಡು ಈ ತುದಿಯಿಂದ ಆ ತುದಿಗೆ ಹಾರಿದವು. ಯಾವುದಕ್ಕೂ ಗಾಯವಾಗಲಿಲ್ಲ. ಬೀರೇಶ್ ಬಹಳ ಹೊತ್ತು ಅಲ್ಲೇ ನಿಂತಿದ್ದ.

"ಇವು ಕೆಟ್ಟವು ಅಂದ್ಕಂಡಿದ್ದೆ."

"ಕೆಟ್ಟವೇನಲ್ಲ. ಜಾಗ ಬೇಕು, ಅವ್ರ ಜನ ಬೇಕು."

ಬೀರೇಶ್ ಕೆಂಪು ಪ್ಲಾಟಿ ಕೊಡಿ ಎಂದ. ಜಯಕುಮಾರ್ ಕೊಡಲಿಲ್ಲ. ಗಪ್ಪಿಗಳ ಬಾಲ ಮಾಯಲಿ, ನೀರು ಹದಕ್ಕೆ ಬರಲಿ; ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸಿ, ತೊಟ್ಟಿ ನೀರು ಬಾಟಲಿಯಲ್ಲಿ ತಂದು ತೋರಿಸಿ ಎಂದ. ಅಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದಕ್ಕೆ ಬೀರೇಶನಿಗೆ ಸಿಟ್ಟೇ ಬಂತು. ಆದರೂ ಮುಂದಿನ ವಾರ ಬಾಟಲಿ ಹಿಡಿದು ಬಸ್ ಹತ್ತಿದ, ಅದರ ಮುಂದಿನ ವಾರವೂ. ನಿಲ್ದಾಣದ ಹೋಟೆಲಿನಲ್ಲಿ ಹಳೆಯ ಜೊತೆಗಾರರೊಂದಿಗೆ ಟೀ ಕುಡಿದು ಹೊರಡುವುದು ರೂಢಿಯಾಯಿತು. ಕಡೆಗೊಂದು ದಿನ ಪ್ಲಾಟಿಗಳು ಸಿಕ್ಕವು. ಗಪ್ಪಿಗಳು ಅವುಗಳ ಗೊಡವೆಗೆ ಹೋಗಲಿಲ್ಲ.

ಬೇಸಿಗೆಯಲ್ಲಿ ಡಾಕ್ಟರು ಖಚಿತವಾಗಿ ಹೇಳಿಬಿಟ್ಟರು: ಬಸ್ ಇನ್ನು ಓಡಿಸುವ ಹಾಗಿಲ್ಲ. ಅವತ್ತು ಬೀರೇಶ್ ಮನೆಗೆ ಬಂದು ಊಟ ಮಾಡಲಿಲ್ಲ. ಊರಾಚೆಯ ತೆಂಗಿನ ತೋಟಗಳ ದಾರಿಯಲ್ಲಿ ಕಾಲು ಸೋಲುವವರೆಗೆ ನಡೆದ. ರೋಜಾ ಹಿಂದೆ ಹೋಗಲಿಲ್ಲ, ಬಾಗಿಲು ತೆರೆದಿಟ್ಟುಕೊಂಡು ಹೊಲಿಯುತ್ತಿದ್ದಳು. ವಾಪಸ್ ಬಂದವನು ಚೊಂಬು ನೀರು ಕುಡಿದು, "ಆ ಮೈಕಿನ ಕೆಲಸ ಇನ್ನೂ ಐತಾ ಅಂತ ಕೇಳಿ ಬರ್ತೀನಿ," ಎಂದ.

ಕೆಲಸ ಇತ್ತು. ಈಗ ಅವನು ಹೊಸದುರ್ಗದ ನಿಲ್ದಾಣದ ಕಂಟ್ರೋಲರ್. ಕುರ್ಚಿಯಲ್ಲಿ ಕೂರುವುದು ಕಡಿಮೆ. ಮೈಕಿನ ವೈರು ಎಳೆಯುವಷ್ಟು ದೂರ ಎಳೆದುಕೊಂಡು ಬಾಗಿಲಲ್ಲೇ ನಿಂತಿರುತ್ತಾನೆ. ಹೊರಡುವ ಗಾಡಿಯ ಪಕ್ಕ ನಾಲ್ಕು ಹೆಜ್ಜೆ ನಡೆಯುತ್ತಾನೆ. ತಿಮ್ಮೇಶನದೊಂದು ದೂರು: ತಾನಿನ್ನೂ ಟೀ ಲೋಟ ಕೆಳಗಿಟ್ಟಿರುವುದಿಲ್ಲ, ಆಗಲೇ ಬೀರೇಶ್ ಬಸ್ ಹೊರಟಿತೆಂದು ಕೂಗಿಬಿಡುತ್ತಾನೆ.