ಬಸ್ಸಿನ ಮಾತು ಬಸ್ಸಿನಲ್ಲೇ

ಅವರ ಬಲಗಿವಿ ಎಡಗಿವಿಗಿಂತ ಎದ್ದು ಕಾಣುವಷ್ಟು ಮುಂದಕ್ಕೆ ಬಾಗಿತ್ತು. ಅಂಗೈಯನ್ನು ಅದರ ಹಿಂದೆ ಒತ್ತಿ ಹಿಡಿದು ಮಾತು ಕೇಳುವುದು ಅವರ ಬಹುಕಾಲದ ಅಭ್ಯಾಸ. ಆ ಅಭ್ಯಾಸವೇ ಕಿವಿಯ ಆಕಾರವನ್ನು ಬದಲಿಸಿತೆಂದು ಅವರು ಹೇಳಿಕೊಳ್ಳುತ್ತಿದ್ದರು. ಹಾಗಾಗುವುದು ಸಾಧ್ಯವೇ ಎಂದು ನಾನು ಅಮೆರಿಕದಲ್ಲಿ ನಾವಿರುವ ನೋವೈ ಊರಿನ ಗ್ರಂಥಾಲಯದಲ್ಲಿ ಪುಸ್ತಕ ತೆರೆದು ಹುಡುಕಿದ್ದುಂಟು. ಅಂಥದ್ದೇನೂ ಸಿಗಲಿಲ್ಲ. ಅದನ್ನು ತಿಳಿಸಿದಾಗ ಅವರು ನಕ್ಕು, "ಪುಸ್ತಕಾ ಬರದಾಂವ ನನ್ನ ಕಿವಿ ನೋಡಿದ್ನೇನ್ರೀ ಅಕ್ಕಾರ?" ಎಂದರು.

ನಾವೆಲ್ಲ ಅವರನ್ನು ಬಸ್ಸಿನ ಯಜಮಾನರು ಎಂದು ಕರೆಯುತ್ತಿದ್ದೆವು. ಬಸ್ಸು ಅವರದಲ್ಲ. ತಿಂಗಳಿಗೊಮ್ಮೆ ಡಿಯರ್‌ಬಾರ್ನ್ ಊರಿನ ಕಡೆಯಿಂದ ಚಾಲಕನ ಸಮೇತ ಬಾಡಿಗೆಗೆ ಬರುತ್ತಿದ್ದ ಬಿಳಿಯ ಮಿನಿಬಸ್ಸು ಅದು. ಹುಬ್ಬಳ್ಳಿಯ ಬಸ್ ಡಿಪೊದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದ ಮೇಲೆ ಅವರು ಮಗನ ಮನೆಗೆ ಬಂದವರು. ಕಾರು ಓಡಿಸಲು ಬಾರದವರಿಗೆ ಇಲ್ಲಿಯ ಬಡಾವಣೆಗಳಲ್ಲಿ ಲೋಕವು ಅಂಚೆಪೆಟ್ಟಿಗೆಯವರೆಗೆ ಮಾತ್ರ. ಮಕ್ಕಳು ಬಿಡುವು ಮಾಡಿಕೊಂಡು ಕರೆದೊಯ್ದರೆ ದೇವಸ್ಥಾನ, ಇಲ್ಲವಾದರೆ ಕಿಟಕಿ. ಇದನ್ನು ಕಂಡು ನಮ್ಮಂಥ ಹಿರಿಯರನ್ನು ಕಲೆಹಾಕಿ, ಮನೆಮನೆಗೆ ಹೋಗಿ ಮಕ್ಕಳನ್ನು ಒಪ್ಪಿಸಿ, ಅವರು ಈ ಪ್ರಯಾಣಗಳನ್ನು ಆರಂಭಿಸಿದರು. ಮಕ್ಕಳನ್ನು ಹೇಗೆ ಒಪ್ಪಿಸಿದರೆಂದು ಆಗ ಯಾರೂ ಕೇಳಲಿಲ್ಲ. ಎಲ್ಲವನ್ನೂ ಪ್ರಶ್ನಿಸುವ ನಾನೂ ಕೇಳಲಿಲ್ಲ.

ಮೊದಮೊದಲು ಒಬ್ಬರ ಮಗ, ತಾನೇ ವ್ಯಾನ್ ತೆಗೆದುಕೊಂಡು ಓಡಿಸುವೆನೆಂದು ಮುಂದೆ ಬಂದಿದ್ದ. ಯಜಮಾನರು ಒಪ್ಪಲಿಲ್ಲ. "ಮಗಾ ಸ್ಟೇರಿಂಗ್ ಹಿಡದ್ರ ಅದು ಬಸ್ಸಲ್ರೀ, ಮನೀನ. ಕನ್ನಡ ತಿಳೀಲಾರದ ಡ್ರೈವರ್ ಬೇಕು ನಮಗ" ಎಂದರು. ಎಲ್ಲರೂ ಹತ್ತಿದ ಮೇಲೆ ಬಾಗಿಲ ಬಳಿಯ ತಗಡನ್ನು ಅಂಗೈಯಿಂದ ಎರಡು ಸಲ ಬಡಿಯುವರು. ಅದು ಹೊರಡುವ ಸೂಚನೆಯೆಂದು ಚಾಲಕನೂ ಕಲಿತಿದ್ದ. ಆಮೇಲೆ ನಮ್ಮ ಕಡೆ ತಿರುಗಿ ತಪ್ಪದೆ ಹೇಳುವರು: "ಬಸ್ಸಿನ ಮಾತು ಬಸ್ಸಿನಾಗ."

ಆ ಮಾತಿನ ಬೆಲೆ ಮಗನ ಮನೆಯಲ್ಲಿ ಮುಪ್ಪು ಕಳೆಯುವವರಿಗೆ ಮಾತ್ರ ಗೊತ್ತು. ಮನೆಯಲ್ಲಿ ನಾವು ಆಡುವುದು ಸೊಸೆಗೆ ಕೇಳುತ್ತದೆ, ಮೊಮ್ಮಕ್ಕಳಿಗೆ ಅರ್ಥವಾಗುವುದಿಲ್ಲ, ಊರಿಗೆ ಫೋನು ಮಾಡಿದರೆ ಊರೆಲ್ಲ ಹರಡುತ್ತದೆ. ಬಸ್ಸು ಹೆದ್ದಾರಿಗೆ ಏರಿದೊಡನೆ ಜನರ ಬಾಯಿ ಸಡಿಲವಾಗುತ್ತಿತ್ತು. ಸೊಸೆಯ ಸಾರು, ಅಡುಗೆಮನೆಯ ಕ್ಯಾಮೆರಾ, ಮುಚ್ಚಿಟ್ಟ ಮೊಣಕಾಲು ನೋವು ಎಲ್ಲವೂ ಹೊರಬರುತ್ತಿದ್ದವು. ಯಜಮಾನರು ಒಂದೊಂದೇ ಸೀಟಿಗೆ ಹೋಗಿ, ಆ ಕಿವಿಯನ್ನು ಕೊಟ್ಟು, ಕೊನೆಯವರೆಗೂ ಕೇಳುತ್ತಿದ್ದರು.

ನನ್ನ ಬಳಿ ಬಂದಾಗ ಮಾತು ಜಗಳವಾಗುತ್ತಿತ್ತು. ಐದನೆಯ ತರಗತಿಯ ನಂತರ ನಾನು ಶಾಲೆ ಕಂಡವಳಲ್ಲ. ಓದಿದ್ದೆಲ್ಲ ನಾನೇ ಓದಿಕೊಂಡದ್ದು. ಆದ್ದರಿಂದ ಯಾರೇ ಹೇಳಿದರೂ, ಬಸ್ಸು ಕರೆದೊಯ್ದ ಮ್ಯೂಸಿಯಮ್ಮಿನ ಫಲಕವೇ ಹೇಳಿದರೂ, ಮತ್ತೊಂದು ಕಡೆ ನೋಡದೆ ನಂಬುವ ಅಭ್ಯಾಸ ನನಗಿಲ್ಲ. "ಅಕ್ಕಾರ, ಈ ಬೋರ್ಡ್ ಬರದಾಂವನ ನೌಕರಿ ಉಳಸ್ರೀ" ಎಂದು ಅವರು ಕೈಮುಗಿಯುವರು. ಮುಂದಿನ ತಿಂಗಳು, "ಏನು ಓದಾಕತ್ತೀರಿ?" ಎಂದು ಅವರೇ ಕೇಳುವರು. ಈ ದೇಶದಲ್ಲಿ ಆ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿಲ್ಲ.

ಒಮ್ಮೆ ಷಿಕಾಗೋ ಕಡೆಗೆ ಹೋಗಿದ್ದೆವು. ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳ ಸಾಲಿನ ನಡುವೆ ಲಾರಿಗಳ ಹಿಂದೆ ಬಸ್ಸು ನಿಂತುಬಿಟ್ಟಿತ್ತು. ಅಲ್ಲಿ, ಬಸ್ಸಿನಲ್ಲಿ ಬೇರೆ ಯಾರಿಗೂ ಹೇಳದ ಎರಡು ಸಂಗತಿಗಳನ್ನು ನಾನು ಅವರಿಗೆ ಹೇಳಿದೆ. ಬೇಸಿಗೆಯ ಹೊತ್ತಿಗೆ ನಾನು ತಿಪಟೂರಿಗೆ ಹಿಂದಿರುಗುವವಳಿದ್ದೆ. ತಂಗಿ ತನ್ನ ಮನೆಯ ಮಹಡಿಯ ಕೋಣೆಯನ್ನು ನನಗಾಗಿ ಖಾಲಿ ಇಟ್ಟಿದ್ದಳು. ಉಳಿದ ದಿನಗಳನ್ನು ಅಲ್ಲಿ ನನ್ನ ಪುಸ್ತಕಗಳೊಡನೆ, ಯಾರ ಅಪ್ಪಣೆಗೂ ಕಾಯದೆ ಕಳೆಯಬೇಕೆಂಬುದು ನನ್ನ ಆಸೆ. ಮಗನೂ ಹೂಂ ಎಂದಿದ್ದ. ಇದು ಮೊದಲನೆಯದು. ಎರಡನೆಯದು, ನಾನು ಬಚ್ಚಲಿನಲ್ಲಿ ಜಾರಿ ಬಿದ್ದದ್ದು. ಬೀಳುವಾಗ ಹಿಡಿದ ಟವೆಲಿನ ಸರಳು ಕಿತ್ತು ಬಂದಿತ್ತು. ಮಗನಿಗೆ ತಿಳಿದರೆ ತಿಪಟೂರಿನ ಪ್ರಯಾಣ ನಿಲ್ಲುವುದೆಂದು, ಬೆಣ್ಣೆ ಸವರುವ ಚಾಕುವಿನಿಂದ ಅದನ್ನು ನಾನೇ ತಿರುಪಿ ಕೂರಿಸಿದ್ದೆ. ಯಜಮಾನರು ಕಿವಿಯಿಂದ ಕೈ ತೆಗೆದು, "ಭಾಳ ಗಟ್ಟಿ ಇದ್ದೀರಿ ಬಿಡ್ರಿ" ಎಂದರು.

ಮುಂದಿನ ವಾರ ಊಟದ ಮೇಜಿನಲ್ಲಿ ಮಗ ಕೇಳಿದ: "ಅಮ್ಮಾ, ಬಾತ್‌ರೂಮಲ್ಲಿ ಬಿದ್ದಿದ್ದು ಯಾಕೆ ಹೇಳ್ಲಿಲ್ಲ? ಬಟರ್ ನೈಫಲ್ಲಿ ಟವೆಲ್ ರಾಡ್ ಫಿಕ್ಸ್ ಮಾಡಿದೀಯಂತೆ. ಈ ಸ್ಥಿತೀಲಿ ತಿಪಟೂರಲ್ಲಿ ಮಹಡಿ ರೂಮಲ್ಲಿ ಒಬ್ಬಳೇ ಇರ್ತೀಯಾ? ಟಿಕೆಟ್ ಕ್ಯಾನ್ಸಲ್ ಮಾಡ್ತಿದೀನಿ."

ಆಗಲೂ ನಾನು ಅವರ ಮೇಲೆ ಆರೋಪ ಹೊರಿಸಲಿಲ್ಲ. ಸರಳಿನ ಮೇಲಿನ ಗೀರನ್ನು ಮಗ ಕಂಡಿರಬಹುದು. ಪರೀಕ್ಷಿಸದೆ ನಂಬಬಾರದು ಎಂಬ ನಿಯಮ ದೂಷಣೆಗೂ ಸಲ್ಲಬೇಕಲ್ಲವೇ? ಆದ್ದರಿಂದ ಮುಂದಿನ ಪ್ರಯಾಣದಲ್ಲಿ ಅವರಿಗೊಂದು ಸುಳ್ಳು ಹೇಳಿದೆ: ಬಿಪಿ ಮಾತ್ರೆಗಳನ್ನು ನಾನು ನುಂಗುತ್ತಿಲ್ಲ, ಕಿಟಕಿಯ ಬಳಿಯ ಕರಿಬೇವಿನ ಕುಂಡದ ಮಣ್ಣಿನಲ್ಲಿ ಹೂಳುತ್ತಿದ್ದೇನೆ. ಹೀಗೆ ಹೇಳಿ ಮನೆಗೆ ಬಂದು ಕಾದೆ.

ಕೆಲವೇ ದಿನಗಳಲ್ಲಿ, ಬೆಳಗಿನ ಕಾಫಿಗೆ ಕೆಳಗಿಳಿದಾಗ, ಸೊಸೆ ಚಮಚ ಹಿಡಿದು ಆ ಕುಂಡವನ್ನು ಅಗೆಯುತ್ತಿದ್ದಳು. ನನ್ನನ್ನು ಕಂಡು, "ಏನಿಲ್ಲ ಅತ್ತೆ, ಮಣ್ಣು ಸ್ವಲ್ಪ ಲೂಸ್ ಮಾಡ್ತಿದೀನಿ" ಎಂದಳು. ಗಿಡದ ಬೇರು ಹೊರಗೆ ಬಂದಿತ್ತು. ನಾನು ಕಾಫಿ ಕುಡಿದೆ. ಪರೀಕ್ಷೆ ಸಫಲವಾದಾಗ ಇಷ್ಟು ನೋವಾಗುವುದೆಂದು ಯಾವ ಪುಸ್ತಕವೂ ನನಗೆ ತಿಳಿಸಿರಲಿಲ್ಲ.

ಮತ್ತೊಮ್ಮೆ ಮಾತ್ರ ಬಸ್ಸು ಹತ್ತಿದೆ. ಡಿಯರ್‌ಬಾರ್ನಿನಲ್ಲಿ ಉಳಿದವರು ಊಟದ ಹೋಟೆಲಿನ ಒಳಗೆ ಹೋದಾಗ, ಅವರನ್ನು ಬಸ್ಸಿನ ಬಳಿಯೇ ತಡೆದೆ.

"ನಮ್ಮ ಕರಿಬೇವಿನ ಗಿಡ ಒಣಗ್ತಿದೆ. ನೀವು ಹೇಳಿದ್ದಕ್ಕೆ ಅಗೆದ್ರು" ಎಂದೆ.

ಅವರು ತಕ್ಷಣವೇ ಅರ್ಥಮಾಡಿಕೊಂಡರು. ಇಲ್ಲವೆನ್ನಲಿಲ್ಲ. "ನಿಮ್ಮನ್ನ ಬಸ್ ಹತ್ತಸ್ಬೇಕಂದ್ರ ನಿಮ್ಮ ಮಗಗ ಮಾತು ಕೊಡಬೇಕಾತ್ರೀ. ಬರೀ ನಿಮ್ಮ ಮನೀಗಲ್ಲ, ಎಲ್ಲಾರ ಮನೀಗೂ ಕೊಟ್ಟೀನಿ. ಏನರ ಹೆಚ್ಚುಕಮ್ಮಿ ಇದ್ರ ತಿಳಸ್ತೀನಿ ಅಂತ. ಇಲ್ಲಂದ್ರ ಒಬ್ಬರೂ ಕಳಸ್ತಿದ್ದಿಲ್ಲ."

"ಹಾಗಾದ್ರೆ ಬಸ್ಸಿನ ಮಾತು ಬಸ್ಸಿನಲ್ಲೇ ಅಂತಿದ್ದಿದ್ದು?"

"ಅದು ನಿಮಗ" ಎಂದರು.

ಕನ್ನಡ ತಿಳಿಯದ ಚಾಲಕ ನಮ್ಮಿಬ್ಬರನ್ನೂ ನೋಡಿ ಮುಗುಳ್ನಕ್ಕ. ನಮ್ಮ ಗುಟ್ಟುಗಳನ್ನು ನಾವು ಕಾಪಾಡಿಕೊಂಡದ್ದು ಆ ಮನುಷ್ಯನಿಂದ ಮಾತ್ರ.

"ಮತ್ತೊಮ್ಮೆ ಬಿದ್ದು ಸತ್ತಿದ್ರ?" ಎಂದು ಯಜಮಾನರು ಕೇಳಿದರು.

"ಸತ್ರೆ ತಿಪಟೂರಲ್ಲಿ ಸಾಯ್ತಿದ್ದೆ. ನನ್ನ ರೂಮಲ್ಲಿ."

ಅವರು ನನ್ನನ್ನು ನೋಡದೆ ಹೇಳಿದರು: "ನೀವು ಹೋಗಿದ್ರ ನಾ ಯಾರ ಜೋಡಿ ಜಗಳಾಡ್ಲಿ?"

ಆಮೇಲೆ ನಾನು ಹತ್ತಲಿಲ್ಲ. ಆದರೂ ಪ್ರತಿ ತಿಂಗಳು ಮಿನಿಬಸ್ಸು ನಮ್ಮ ಅಂಚೆಪೆಟ್ಟಿಗೆಯ ಮುಂದೆ ನಿಲ್ಲುತ್ತಿತ್ತು. ಅವರು ಇಳಿದು, ಹಿಮದಲ್ಲಿಯೂ, ಬಾಗಿಲನ್ನು ತೆರೆದು ಹಿಡಿದು ನಿಲ್ಲುತ್ತಿದ್ದರು. ನಾನು ಪರದೆಯ ಹಿಂದೆ ಕುಳಿತಿರುತ್ತಿದ್ದೆ. ಕೊನೆಗೆ ತಗಡಿನ ಮೇಲೆ ಆ ಎರಡು ಬಡಿತ ಕೇಳಿಸುತ್ತಿತ್ತು. ತಂಗಿ ಒಂದು ವರ್ಷ ಕಾದು ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಳು.

ಈ ಚಳಿಗಾಲದಲ್ಲಿ ಅವರು ಮಲಗಿದಲ್ಲೇ ತೀರಿಕೊಂಡರು. ದೇವಸ್ಥಾನದ ಸಭಾಂಗಣದಲ್ಲಿ ಸಂತಾಪಸಭೆ ನಡೆಯಿತು. ಅವರಲ್ಲಿಟ್ಟ ಮಾತು ಎಂದೂ ಹೊರಬೀಳುತ್ತಿರಲಿಲ್ಲವೆಂದು ಒಬ್ಬೊಬ್ಬರಾಗಿ ಹೇಳಿದರು. ನನ್ನ ಮಗನೂ ಮೈಕಿನ ಮುಂದೆ ನಿಂತು, "ಅಂಕಲ್ ಅಂದ್ರೆ ನಂಬಿಕೆ" ಎಂದ. ನನ್ನನ್ನು ಕರೆದಾಗ, ಸುಳ್ಳಲ್ಲದ ಒಂದೇ ವಾಕ್ಯ ಹೊಳೆಯಿತು: "ಅವರು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದರು." ಎಲ್ಲರೂ ತಲೆದೂಗಿದರು.

ಹೊರಗೆ ಕೋಟು ತೊಡುವಾಗ, ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ನಿಜವನ್ನು ಹೇಳಿದೆ. ಅವಳು ಗುಂಡಿ ಹಾಕುವುದನ್ನು ನಿಲ್ಲಿಸಲೇ ಇಲ್ಲ.

"ನಿಮಗೆ ಗೊತ್ತಿರ್ಲಿಲ್ವಾ? ನಮಗೆಲ್ಲಾ ಗೊತ್ತಿತ್ತಲ್ರೀ. ಮಗಳ ಮುಂದೆ ನನಗೆ ಬಾಯೇ ಬರಲ್ಲ. ಇವ್ರ ಕಿವೀಗೆ ಹಾಕಿದ್ರೆ ತಲುಪ್ತಿತ್ತು. ನನ್ನ ರೂಮಿಗೆ ಹೀಟರ್ ಬಂದಿದ್ದು ಹೇಗೆ ಅನ್ಕೊಂಡ್ರಿ? ಅಷ್ಟೊಂದು ಓದ್ತೀರಿ ನೀವು."

ಹಾಗಾದರೆ ಆ ಬಸ್ಸಿನಲ್ಲಿ ಯಜಮಾನರ ಮಾತನ್ನು ನಂಬಿದವಳು ನಾನೊಬ್ಬಳೇ. ಯಾವುದನ್ನೂ ಸುಲಭವಾಗಿ ನಂಬದ ನಾನು, ನಂಬಲು ಆರಿಸಿಕೊಂಡದ್ದು ಅವರನ್ನು.

ಅವರು ಇಲ್ಲದಿದ್ದರೆ ನನಗೆ ಕಿಟಕಿಯಾಚೆ ಏನೂ ಇರುತ್ತಿರಲಿಲ್ಲ; ಅವರು ಇದ್ದುದರಿಂದ ತಿಪಟೂರಿನ ಕೋಣೆ ಇಲ್ಲವಾಯಿತು. ಎರಡೂ ನಿಜ. ತಿಳಿಯದೆ ಉಳಿದಿರುವುದು ಒಂದೇ. ಅಂದು ಅವರು ನನ್ನ ಮಗನಿಗೆ ಹೇಳಿದ್ದು ಕೊಟ್ಟ ಮಾತಿಗಾಗಿಯೋ, ನಾನು ಹೋಗಬಾರದೆಂದೋ? ಅದನ್ನು ಪರೀಕ್ಷಿಸುವ ಉಪಾಯ ನನಗೆ ಅವರು ಬದುಕಿದ್ದಾಗ ಹೊಳೆಯಲಿಲ್ಲ.